ವಸಂತಕುಮಾರನ ಲಾಗಿನ್

ಸೋಮವಾರ ಬೆಳಿಗ್ಗೆ ಜಯಲತಾ ನೆರೂಳಿನ ಆಫೀಸಿನ ಕಂಪ್ಯೂಟರ್ ವಿಭಾಗದಲ್ಲಿ ಚೀಲ ಕೆಳಗಿಡುವ ಮೊದಲೇ ಫೋನ್ ಬಂತು. ಕಂಪನಿಯ ಕಳಂಬೋಲಿ ಉಕ್ಕಿನ ಗೋದಾಮಿನಿಂದ ರೇವಣಸಿದ್ದ. ಗುಲಬರ್ಗಾ ಕಡೆಯವನು, ಅಲ್ಲಿನ ಹಮಾಲರ ಮುಕಾದಮ.

"ಮೇಡಂ, ಗೇಟ್ ಪಾಸ್ ಬರವಲ್ದ್ರಿ. ಗಾಡಿ ಸಾಲಾಗಿ ನಿಂತಾವ."

ಸ್ಕ್ರೀನಿನಲ್ಲಿ ಎಂತ ಬರ್ತದೆ ಎಂದು ಕೇಳಿದಳು. ಅವನು ಗುಮಾಸ್ತನಿಂದ ಓದಿಸಿ ಹೇಳಿದ: ಟೇಬಲ್ ಅಥವಾ ವ್ಯೂ ಇಲ್ಲ.

ಆರ್ಡರು, ದಾಸ್ತಾನು, ಬಿಲ್ಲು ಎಲ್ಲ ಡೇಟಾಬೇಸಿನಲ್ಲಿ ಬೇರೆ ಬೇರೆ ಕಡೆ ಇರುತ್ತಿದ್ದವು. ಯಾವ ಲಾರಿಗೆ ಯಾವ ಮಾಲು ಎಂದು ಅವುಗಳಿಂದ ಹೆಕ್ಕಿ ಒಂದೆಡೆ ತೋರಿಸುತ್ತಿದ್ದುದು ಆ ವ್ಯೂ. ಅದಿಲ್ಲದೆ ಪಾಸ್ ಅಚ್ಚಾಗದು. ಪಾಸಿಲ್ಲದೆ ಲಾರಿ ಗೇಟು ದಾಟದು.

ಗೋದಾಮಿನ ಅನುಮತಿ ತಪ್ಪಿರಬೇಕೆಂದು ತನ್ನ ಲಾಗಿನ್‌ನಿಂದ ನೋಡಿದಳು. ಅದೇ ಸಂದೇಶ. ಇರುವ ವ್ಯೂಗಳ ಹೆಸರುಗಳನ್ನೆಲ್ಲ ತೆಗೆಸಿದಳು. ಗೇಟ್ ಪಾಸಿನದು ಇರಲಿಲ್ಲ. ಆಗ ಹೊಳೆಯಿತು. ಅದನ್ನು ಬರೆದಿದ್ದವನು ವಸಂತಕುಮಾರ, ತನ್ನದೇ ಲಾಗಿನ್ ಅಡಿಯಲ್ಲಿ. ಶನಿವಾರ ಆ ಲಾಗಿನ್ ಅಳಿಸಿದ್ದವಳು ಅವಳೇ.

ವಸಂತಕುಮಾರ ಪಕ್ಕದ ಕುರ್ಚಿಯವನು, ಕಾಪುವಿನವನು, ಅವಳಿಗೆ ಕೆಲಸ ಕಲಿಸಿದವನು. ಹಿಂದಿನ ವಾರ ಡೊಂಬಿವಲಿಯ ಮನೆಯಲ್ಲಿ ಸ್ನಾನಕ್ಕೆ ಹೋದವನು ಅಲ್ಲೇ ಕುಸಿದು ತೀರಿಕೊಂಡಿದ್ದ. ಹೋದವರ ಲಾಗಿನ್ ತೆಗೆಯುವುದು ಕಂಪನಿಯ ನಿಯಮ. ವಿಭಾಗದ ಸಾಹೇಬರು ಹೇಳಿದರು, ಅವಳು ತೆಗೆದಳು. ಅದರಡಿ ಇದ್ದದ್ದೆಲ್ಲ ಜೊತೆಗೇ ಹೋಗುತ್ತದೆಂದು ಅವಳಿಗೆ ಗೊತ್ತಿತ್ತು. ಏನೇನಿದೆ ಎಂದು ನೋಡಿರಲಿಲ್ಲ.

ಸಾಹೇಬರ ಕೋಣೆಗೆ ಹೋಗಿ ಹೇಳಿದಳು. ಬೈದರೆ ಬೈಯಲಿ ಎಂದುಕೊಂಡಿದ್ದಳು. ಅವರು ಡೇಟಾಬೇಸಿನ ದಿನದಿನದ ನಕಲಿರುವ ಬ್ಯಾಕಪ್ ಟೇಪಿಟ್ಟ ಕಪಾಟಿನ ಕೀಲಿ ಕೊಟ್ಟರು.

ಶುಕ್ರವಾರದ ಟೇಪಿನಲ್ಲಿ ವ್ಯೂ ಸಿಕ್ಕಿತು. ವಸಂತಕುಮಾರ ಬರೆಯುತ್ತಿದ್ದ ರೀತಿಯೇ, ಸಾಲುಗಳೆಲ್ಲ ಒಂದೇ ಅಂಚಿಗೆ. ಓದುತ್ತ ಹೋದರೆ ಏನಾದರೂ ಅನ್ನಿಸೀತೆಂದು ಕಾದಳು. ಏನೂ ಅನ್ನಿಸಲಿಲ್ಲ. ಎಸಿಯ ತಂಪಿಗೆ ಬೆರಳು ಮರಗಟ್ಟಿದ್ದವು. ಅವನ ಹೆಸರಿದ್ದಲ್ಲಿ ಯಾರೊಬ್ಬರಿಗೂ ಸೇರದ ಸಾಮಾನ್ಯ ಲಾಗಿನ್ ಹಾಕಿ, ವ್ಯೂವನ್ನು ಮತ್ತೆ ರಚಿಸಿ, ಗೋದಾಮಿಗೆ ಅನುಮತಿ ಕೊಟ್ಟು ಫೋನ್ ಮಾಡಿದಳು.

ಪಾಸ್ ಬರುತ್ತಿವೆ ಎಂದ ರೇವಣಸಿದ್ದ. ಆಮೇಲೆ ಕೇಳಿದ, "ವಸಂತ ಸಾಹೇಬ್ರು ರಜಾದಾಗ ಅದಾರೇನ್ರಿ? ಹಿಂಗಾದಾಗ ಅವರೇ ಫೋನ್ ಎತ್ತತಿದ್ರು."

"ಅವರು ತೀರಿಹೋದ್ರು ರೇವಣಸಿದ್ದ. ಹೋದ ವಾರ."

ಆ ಮಾತು ಅವಳ ಬಾಯಿಂದ ಬಂದದ್ದು ಅದೇ ಮೊದಲು. ಅತ್ತ ಲಾರಿ ಹೊರಟ ಸದ್ದು ಕೇಳಿತು. ಅವನು ಅವರ ಮನೆ ಎಲ್ಲಿ ಎಂದು ಕೇಳಿದ. ಜಯಲತಾ ದಾರಿ ಹೇಳತೊಡಗಿ, ನಡುವೆ ನಿಲ್ಲಿಸಿ, ಭಾನುವಾರ ತಾನೂ ಬರುತ್ತೇನೆಂದಳು.

ಭಾನುವಾರ ಇಬ್ಬರೂ ಡೊಂಬಿವಲಿಗೆ ಹೋದರು. ವಸಂತಕುಮಾರನ ಹೆಂಡತಿ ಉಮಾವತಿ ಬಾಗಿಲು ತೆಗೆದಳು. ರೇವಣಸಿದ್ದ ಗೋಡೆಯ ಫೋಟೋದ ಮುಂದೆ ತುಂಬ ಹೊತ್ತು ನಿಂತ. ಅವನು ಆ ಮುಖ ಕಂಡಿರಲಿಲ್ಲ, ದನಿಯಷ್ಟೇ ಪರಿಚಯ.

"ಇವರೇನ್ರಿ? ನಾ ವಯಸ್ಸಾದವ್ರು ಅನ್ಕೊಂಡಿದ್ದೆ," ಎಂದ.

ಉಮಾವತಿ ಚಹಾ ತಂದಿಟ್ಟು, ಆಫೀಸಿನಲ್ಲಿ ಕೆಲಸ ಎಲ್ಲ ನಡೀತದಾ ಎಂದು ಕೇಳಿದಳು. ನಡೀತದೆ ಎಂದು ಜಯಲತಾಳ ಬಾಯಿಗೆ ಬಂದಿತ್ತು.

"ಸೋಮವಾರ ನಿಂತಿತ್ತು ಅಕ್ಕ," ಎಂದಳು. "ಅವರು ಮಾಡಿದ್ದೊಂದು ನಾನು ಅಳಿಸಿಬಿಟ್ಟಿದ್ದೆ. ಅದು ಸಿಗುವವರೆಗೆ ಒಂದು ಗಾಡಿಯೂ ಹೋಗ್ಲಿಲ್ಲ."

ಉಮಾವತಿ ಹತ್ತಿರ ಬಂದು ಕೂತು, ಅದು ಎಂತದು, ಸರಿಯಾಗಿ ಹೇಳು ಎಂದಳು. ಜಯಲತಾ ಮೊದಲಿಂದ ಹೇಳತೊಡಗಿದಳು.