ಟೋರ್ಕಿಲ್‌ನ ತೆರೆದ ಬಾಗಿಲು

ಡೆನ್ಮಾರ್ಕಿನ ಪಶ್ಚಿಮ ಕರಾವಳಿಯಲ್ಲಿ ಗಾಳಿ ನಿಂತರೆ ಏನೋ ಅನಾಹುತವಾಯಿತೆಂದು ಜನ ಹೊರಗೆ ಬಂದು ನೋಡುತ್ತಾರೆ. ಅಂಥ ಊರಿನಲ್ಲಿ ಟೋರ್ಕಿಲ್ ಶೆಡ್ಡಿನ ಬಾಗಿಲನ್ನು ಅಗಲವಾಗಿ ತೆರೆದಿಟ್ಟುಕೊಂಡೇ ಜೀವಮಾನವಿಡೀ ವೆಲ್ಡಿಂಗ್ ಮಾಡಿದವನು. ರಾಡು ಹಿಡಿದು ಮಾಡುವ ವೆಲ್ಡಿಂಗಿಗೆ ಗಾಳಿಯ ಅಂಜಿಕೆಯಿಲ್ಲ. ಹೆಂಡತಿ ಬಿರ್ತೆ ಮಾತ್ರ ನಿವೃತ್ತಿಯವರೆಗೂ ದೋಣಿ ಕಾರ್ಖಾನೆಯಲ್ಲಿ, ರಾಡಿನ ಬದಲು ತಂತಿ ಕರಗಿಸಿ ಬೆಸೆಯುವ ತಂತಿ ಮಿಷನ್ನು ಹಿಡಿದವಳು.

"ಅದು ಹೊಲಿಗೆ ಮಿಷನ್ನು ಕಣೇ" ಎಂದು ಟೋರ್ಕಿಲ್ ರೇಗಿಸುತ್ತಿದ್ದ.

"ಹೌದಾ? ನಿನ್ನ ಹರಿದ ಪ್ಯಾಂಟು ತಗೊಂಡ್ಬಾ, ಹೊಲಿದುಕೊಡ್ತೀನಿ."

ಈ ಚಳಿಗಾಲದಲ್ಲಿ ಅವನ ಬಲಗೈ ನಡುಗತೊಡಗಿತು. ಉದ್ದದ ರಾಡು ಮಾತು ಕೇಳದೆ ಕಬ್ಬಿಣಕ್ಕೆ ಕಚ್ಚಿಕೊಳ್ಳುತ್ತಿತ್ತು. ತಂತಿ ಮಿಷನ್ನಾದರೆ ಎರಡೂ ಕೈಯಲ್ಲಿ ಹಿಡಿಯಬಹುದು, ತಂತಿ ತಾನಾಗಿ ಬರುತ್ತದೆ. ಇದೂ ಕೈಗೂಡದಿದ್ದರೆ ಶೆಡ್ಡಿಗೆ ಬೀಗವೇ ಗತಿ ಎಂದು ಅವನು ಹೇಳಿಬಿಟ್ಟಿದ್ದ. ಶೆಡ್ಡಿಲ್ಲದ ಟೋರ್ಕಿಲ್‌ನನ್ನು ನೆನೆದರೇ ಬಿರ್ತೆಗೆ ಭಯವಾಗುತ್ತಿತ್ತು.

ತಂತಿ ಮಿಷನ್ನೊಂದನ್ನು ತರಿಸಿ ಬಿರ್ತೆಯೇ ಕಲಿಸಲು ನಿಂತಳು. ಮೊದಲ ಪಾಠದ ದಿನ ಮಳೆ. ಬಾಗಿಲು ಮುಚ್ಚಿತ್ತು.

"ಕೈ ಒಳಗೆ ತಳ್ಳಬೇಡ ಕಣೋ! ರಾಡು ಸವೀತಾ ಹೋಗತ್ತೆ, ಅದಕ್ಕೆ ತಳ್ತಿದ್ದೆ. ಇದ್ರಲ್ಲಿ ತಂತಿ ತಾನೇ ಬರತ್ತೆ."

ಬೆಸುಗೆಯ ಗೆರೆ ಮುಗಿದೊಡನೆ ಅವನು ಅಭ್ಯಾಸಬಲದಿಂದ, ರಾಡು ಗೆರೆಯ ಮೇಲೆ ಬಿಡುವ ಕಿಟ್ಟವನ್ನು ಕುಟ್ಟುವ ಸುತ್ತಿಗೆ ಎತ್ತಿದ. ತಂತಿಯ ಗೆರೆಯಲ್ಲಿ ಕುಟ್ಟಲು ಕಿಟ್ಟವೇ ಇರಲಿಲ್ಲ.

"ಏನನ್ನ ಕುಟ್ತೀಯ, ನನ್ನ ತಲೆನಾ?"

"ನೀನು ಮೊದಲು ಮನೆಗೆ ಹೋಗು. ನೋಡ್ತಾ ನಿಂತ್ರೆ ನಂಗೆ ಬರಲ್ಲ" ಎಂದು ಅವಳನ್ನು ಅಟ್ಟಿದ.

ಮರುದಿನ ಮಳೆ ನಿಂತಿತು. ಅವನು ಎಂದಿನಂತೆ ಬಾಗಿಲು ತೆರೆದು ಕೆಲಸಕ್ಕೆ ಕೂತ. ಹಾಕಿದ ಗೆರೆಯಲ್ಲೆಲ್ಲ ತೂತು, ಹುಳು ಕೊರೆದ ಮರದಂತೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇವನದು ತಿರುವುಮುರುವು, ನೆಲವೇ ಡೊಂಕಾಗಿದ್ದರೂ ತನ್ನ ಕಾಲನ್ನೇ ಬೈದುಕೊಂಡ.

ಬಿರ್ತೆ ಕಾಫಿ ತಂದಾಗ ಕೈಗವಸು ಕಳಚಿಟ್ಟು ಕೂತಿದ್ದ.

"ಮುಗೀತು ಬಿರ್ತೆ. ಕೈ ಹೋಯ್ತು. ಬೀಗ ಹುಡುಕು."

ಅವಳು ಅವನು ಗೆರೆ ಹಾಕಿದ್ದ ತಗಡನ್ನು ಬೆಳಕಿಗೆ ಹಿಡಿದಳು.

"ಕೈ ನಡುಗಿದ್ರೆ ಗೆರೆ ಸೊಟ್ಟಗಾಗತ್ತೆ ಕಣೋ, ತೂತು ಬೀಳಲ್ಲ. ಕರಗಿದ ಕಬ್ಬಿಣಕ್ಕೆ ಗಾಳಿ ಸೋಕಬಾರದು ಅಂತ ಮಿಷನ್ನು ಗ್ಯಾಸ್ ಹೊದಿಸತ್ತೆ. ನೀನು ಬಾಗಿಲು ತೆಗೆದಿಟ್ಟು ಆ ಹೊದಿಕೇನೇ ಹಾರಿಸ್ತಿದೀಯ. ದಡ್ಡ ಮುಂಡೇದೆ!"

ಅವಳು ಬಾಗಿಲನ್ನು ಎಳೆದು ಮುಚ್ಚಿ, ಹೊಗೆ ಹೊರಗೆಳೆಯುವ ಫ್ಯಾನ್ ಹಾಕಿದಳು. ಅವನು ಮತ್ತೊಂದು ಗೆರೆ ಹಾಕಿದ. ಕೊಂಚ ಸೊಟ್ಟ, ಆದರೆ ಒಂದೂ ತೂತಿಲ್ಲ. ಟೋರ್ಕಿಲ್‌ಗೆ ಅಳು ಬರುವಷ್ಟು ಸಂತೋಷವಾಯಿತು.

"ಇಂಥ ಗಾಳೀಲಿ ಬಾಗಿಲು ಯಾಕೋ ತೆಗೆದಿಡ್ತಿದ್ದೆ, ಇಷ್ಟು ವರ್ಷ? ಹೊಗೆ ಅಂತಾನಾ?"

"ಹೊಗೆಗೇನಲ್ಲ." ಅವನು ಕೈಗವಸನ್ನು ತಿರುಗಿಸಿ ತಿರುಗಿಸಿ ನೋಡಿದ. "ಮೊದಲು ನೀನು ಕೆಲಸದಿಂದ ಸೈಕಲ್ಲಲ್ಲಿ ಬರೋದು ಕಾಣ್ತಿತ್ತು. ಈಗ ಅಡುಗೆಮನೆ ಕಿಟಕೀಲಿ ಕಾಣ್ತೀಯ."

ಬಿರ್ತೆ ಕಾಫಿ ಲೋಟಗಳನ್ನು ಎತ್ತಿಕೊಂಡು ಹೋದಳು.

ಮರುದಿನ ಬೆಳಿಗ್ಗೆ ಅಡುಗೆಮನೆಯ ಕುರ್ಚಿಯನ್ನು ಶೆಡ್ಡಿಗೆ ಹೊತ್ತು ತಂದಳು. ಬಾಗಿಲು ಮುಚ್ಚಿ, ಅವನ ಕಣ್ಣಿಗೆ ಬೀಳುವಂತೆ ಎದುರಿಗೆ ಕೂತು, ಕಾರ್ಖಾನೆಯ ತನ್ನ ಹಳೆಯ ವೆಲ್ಡಿಂಗ್ ಮುಖವಾಡ ಏರಿಸಿಕೊಂಡಳು.

"ನೀನು ನೋಡ್ತಾ ಇದ್ರೆ ನಂಗೆ ಬರಲ್ಲ ಅಂದಿದ್ದೆ" ಎಂದ ಅವನು.

"ಬರತ್ತೆ. ಶುರು ಮಾಡು."