ಮೆಥನಾಲಿನ ಒಂದು ಗುಟುಕು

"ಅಣ್ಣಾ, ಬಾಯಿ ಹಚ್ಚಬ್ಯಾಡ!" ಎಂದು ಸಂಘಪಾಲ ಕೂಗುವಷ್ಟರಲ್ಲಿ ಕೈಲಾಶ ಪೈಪಿಗೆ ಬಾಯಿಟ್ಟು ಎಳೆದಾಗಿತ್ತು. ಡಬ್ಬಿಯೊಳಗಿನ ಮೆಥನಾಲು ಬಾಯಿ ತುಂಬಿತು. ಅರ್ಧ ಉಗುಳಿದ, ಅರ್ಧ ಗಂಟಲಿಗಿಳಿಯಿತು.

"ಏನೂ ಆಗಂಗಿಲ್ಲ ಬಿಡು," ಕೆಮ್ಮುತ್ತಲೇ ನಕ್ಕ. "ಪೆಟ್ರೋಲ್ ಎಷ್ಟ್ ಸಲ ಹಿಂಗ ಎಳದೀನಿ."

ಚಿದ್ರಿ ಬಡಾವಣೆಯ ಸಂಘಪಾಲನ ಮನೆಯ ಹಿತ್ತಲಲ್ಲಿ ಅಣ್ಣತಮ್ಮಂದಿರು ಆಟದ ವಿಮಾನದ ಎಂಜಿನ್ನಿಗೆ ಇಂಧನ ಬೆರೆಸುತ್ತಿದ್ದರು. ಅಂಗಡಿಯ ಸಿದ್ಧ ಇಂಧನವನ್ನು, ಬೆಂಕಿ ಹತ್ತುವಂಥದ್ದೆಂದು, ಕೊರಿಯರಿನವರು ತಂದುಕೊಡುತ್ತಿರಲಿಲ್ಲ. ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ಸಂಘಪಾಲ ಮೆಥನಾಲಿಗೆ ಔಡಲೆಣ್ಣೆ ಸೇರಿಸಿ ತಾನೇ ಮಾಡಿಕೊಳ್ಳುತ್ತಿದ್ದ. ಅಣ್ಣನಿಗೆ ಬುದ್ಧವಿಹಾರದಲ್ಲಿ ಪಂಚಶೀಲ ಹೇಳಿಸಿ ಕುಡಿತ ಬಿಡಿಸಿದವನೂ ಅವನೇ. ಆಟೋ ಓಡಿಸುವ ಕೈಲಾಶ, ಖಾಲಿ ಬಿದ್ದ ಸಂಜೆಗಳನ್ನು ಏನು ಮಾಡಬೇಕೆಂದು ತಿಳಿಯದೆ ಈ ಹಿತ್ತಲಿಗೆ ಬಂದು ಕೂಡತೊಡಗಿದ್ದ. ರವಿವಾರ ಇಬ್ಬರೂ ಆಟೋದಲ್ಲಿ ವಿಮಾನ ಇಟ್ಟುಕೊಂಡು ಚಿಂತಾಕಿಯ ಹೊಲಕ್ಕೆ ಹೋಗುವರು. ತೊಗರಿ ಕೊಯ್ದ ಬಯಲಿನ ಮೇಲೆ ಅದು ಕಿರುಚುತ್ತ ಸುತ್ತಿದರೆ ಕೈಲಾಶ ಸಾಲಿ ಹುಡುಗನಂತೆ ಹಿಂದೆ ಓಡುತ್ತಿದ್ದ.

ಸಂಘಪಾಲ ಅಣ್ಣನ ನಗೆಗೆ ಬಗ್ಗಲಿಲ್ಲ. ಸೀದಾ ಆಸ್ಪತ್ರೆಗೆ ಒಯ್ದ.

"ಒಂದು ಗುಟುಕಿಗೇ ಕಣ್ಣು ಹೋಗ್ತಾವ್ರಿ," ಎಂದರು ಡಾಕ್ಟರು. "ಇದರ ಇಂಜೆಕ್ಷನ್ ನಮ್ಮ ಕಡಿ ಇಲ್ಲ. ರಕ್ತದಾಗ ಶರಾಬು ಇದ್ರ ಈ ವಿಷ ತಡೀತದ. ಒಂದು ಬಾಟ್ಲಿ ತರ್ರಿ, ಎಷ್ಟು ಕೊಡಬೇಕು ನಾ ಹೇಳ್ತೇನಿ."

ಸಂಘಪಾಲ ಜೀವನದಲ್ಲಿ ಮೊದಲ ಸಲ ಬಾರಿನ ಮೆಟ್ಟಿಲು ಹತ್ತಿದ. ಬಾಟಲಿ ಕಂಡದ್ದೇ ಕೈಲಾಶ ಗೋಡೆಯ ಕಡೆ ಹೊರಳಿದ.

"ಇದೊಂದು ಬ್ಯಾಡ ತಮ್ಮಾ. ಕಣ್ಣು ಹೋದ್ರ ಹೋಗ್ಲಿ."

"ಔಷಧ ಅಂತ ಕುಡಿ, ಅಣ್ಣಾ."

"ನಿನಗ ಗೊತ್ತಿಲ್ಲ. ನನಗ ಗೊತ್ತದ."

ಮಂಚದ ಕಾಲಬದಿಗೆ ಕೈಲಾಶನ ಹೆಂಡತಿ ಶಾಲುಬಾಯಿ ನಿಂತಿದ್ದಳು. ಮದುವೆಯಾದಾಗಿನಿಂದ ಬಾಟಲಿ ಬಚ್ಚಿಟ್ಟು, ಒಡೆದು, ಹೊಡೆತ ತಿಂದವಳು. "ಕುಡೀರಿ," ಎಂದಳು ಸಣ್ಣ ದನಿಯಲ್ಲಿ. ಅವಳು ತಲೆ ಹಿಡಿದಳು, ಸಂಘಪಾಲ ಗ್ಲಾಸು ಹಿಡಿದ. ಕೈಲಾಶ ಕಣ್ಣು ಮುಚ್ಚಿ ಕುಡಿದ. ಎರಡನೆಯದಕ್ಕೆ ಬೇಡ ಎನ್ನಲಿಲ್ಲ. ಮುಂದಿನದಕ್ಕೆ ತಾನೇ ಕೈ ಚಾಚಿದ.

ಕಣ್ಣು ಉಳಿದವು. ಆದರೆ ಆಸ್ಪತ್ರೆಯಿಂದ ತನ್ನ ಮನೆಗೆ ಹೋದ ಕೈಲಾಶ ತಮ್ಮನ ಹಿತ್ತಲಿಗೆ ಬರಲಿಲ್ಲ. ಆಟೋ ದಿನಗಟ್ಟಲೆ ಅವನ ಬಾಗಿಲಲ್ಲೇ ನಿಲ್ಲತೊಡಗಿತು. ಒಂದು ಮಧ್ಯಾಹ್ನ ಶಾಲುಬಾಯಿ ಬಂದು ಸಂಘಪಾಲನ ಹೊಸ್ತಿಲ ಹೊರಗೇ ನಿಂತಳು.

"ಗಾಂಧಿ ಗಂಜಿನ ಬಜಾರದಾಗ ಕುಡದು ಬಿದ್ದಾರಂತ. ಕರಕೊಂಡು ಬರ್ರಿ. ಕುಡಿಸಿದವರು ನೀವು."

"ವೈನಿ, ನೀವೂ ಕುಡೀರಿ ಅಂದ್ರಲ್ಲ..."

"ಅಂದೆ. ಅದಕ್ಕೇ ನನಗ ಹೋಗಾಕ ಮುಖ ಇಲ್ಲ."

ಕಾಳು ಮಾರುವ ಅಡತಿ ಅಂಗಡಿಯ ಮುಂದೆ ಖಾಲಿ ಚೀಲಗಳಿಗೆ ಒರಗಿ ಕೂತಿದ್ದ ಕೈಲಾಶ, ತಮ್ಮನನ್ನು ಕಂಡು ಕೈ ಎತ್ತಿದ.

"ಎಷ್ಟು ದೂರಿಂದ ಗುರುತು ಹಿಡದೆ ನೋಡು! ಕಣ್ಣು ಎಕ್ದಮ್ ಸಾಫ್ ಅವ."

"ರವಿವಾರ ಹೊಲಕ್ಕ ಹೋಗೂಣು, ಅಣ್ಣಾ."

"ನೀ ಹಾರಸು," ಎಂದ ಕೈಲಾಶ. "ನಾ ಇಲ್ಲಿಂದೇ ನೋಡ್ತೇನಿ."

ಸಂಘಪಾಲ ಬಗಲಿಗೆ ಕೈ ಕೊಟ್ಟು ಎಬ್ಬಿಸಿದ. ಒಬ್ಬ ಹಮಾಲ ತನ್ನ ಬಂಡಿ ಬದಿಗೆ ಸರಿಸಿ ದಾರಿ ಬಿಟ್ಟ. ಕೈಲಾಶನ ಒಂದು ಚಪ್ಪಲಿ ಕಾಲಿನಿಂದ ಕಳಚಿ ಹಿಂದೆ ಉಳಿಯಿತು. ಎತ್ತಿಕೊಳ್ಳಲು ಬಗ್ಗಿದರೆ ಅಣ್ಣ ಕೈಯಿಂದ ಜಾರುತ್ತಿದ್ದ. ಅದನ್ನು ಕಾಲಿನಿಂದಲೇ ಮುಂದೆ ನೂಕುತ್ತ, ನಿಲ್ಲುತ್ತ, ಮತ್ತೆ ನೂಕುತ್ತ ಸಂಘಪಾಲ ಲಾರಿಗಳ ನಡುವೆ ನಡೆದ.