ಸಡಿಲಿಸಿಟ್ಟ ಮುಚ್ಚಳ

ಬಾಟಲಿಯ ನೀರು ಹಿಡಿದ ಬೆಳಕು ಮೇಜಿನ ಮೇಲೆ ಮರಿಮೀನಿನಂತೆ ಅಲುಗುತ್ತಿದೆ, ಕಾಗದದ ಅಂಚಿನವರೆಗೆ ಬಂದು ಹಿಂದೆ ಸರಿಯುತ್ತದೆ, ಮೇಲೆ ನೀಲಿ ಮುಚ್ಚಳ, ತಿರುಗಿಸಿಲ್ಲ, ಬಾಟಲಿಯ ಬಾಯಿ ಮೇಲೆ ಸುಮ್ಮನೆ ಕೂತಿದೆ, ಒಂದು ಬದಿಗೆ ಓರೆಯಾಗಿ — ವಯಸ್ಸಾದ ಗುಮಾಸ್ತ ಫೈಲು ತರುವ ನೆಪದಲ್ಲಿ ಬಂದು, ಎದುರು ಕೂತ ಅರ್ಜಿದಾರಳ ಮುಖವನ್ನೂ ನೋಡದೆ, ಮುಚ್ಚಳವನ್ನು ತಿರುಗಿಸಿ ಬಿಚ್ಚಿ, ಮತ್ತೆ ಹಗುರಾಗಿ ಅಲ್ಲೇ ಇಟ್ಟು ಹೋದ, ಯಾರೂ ಗಮನಿಸಲಿಲ್ಲ, ಸಾಕ್ಷಿ ಹೇಳಲು ಬಂದ ಉದ್ಯೋಗ ತಜ್ಞೆ, ಅವಳೊಬ್ಬಳು ಗಮನಿಸಿದಳು, ಗಮನಿಸುವುದೇ ತಾನೆ ಅವಳ ಕೆಲಸ, ಇಪ್ಪತ್ತಾರು ವರ್ಷದಿಂದ ಕಂಡವರ ಕೈ ನೋಡುತ್ತ, ಗಂಟೆಗೆ ಎಷ್ಟು ಸಲ ಹಿಡಿಯಿತು, ಎಷ್ಟು ಸಲ ತಿರುಗಿಸಿತು ಎಂದು ಗೀಟೆಳೆಯುವುದು, ಇಂಥ ಕೈಗೆ ಒಗ್ಗುವ ಕೆಲಸ ಎಷ್ಟಿವೆ ಎಂದು ಇಂಥ ಕೋಣೆಗಳಲ್ಲಿ ಬಂದು ಹೇಳುವುದು, ಕೈ ನೋಡೋಳು ಅಂತಲೇ ತಂಗಿ ಅವಳನ್ನು ಕರೆಯುವುದು, ನನ್ನ ಕೈಯನ್ನೂ ನೋಡೇ, ಮದುವೆ ಯಾವಾಗ ಹೇಳು ಎಂದು ಆಗೆಲ್ಲ ಛೇಡಿಸುತ್ತಿದ್ದಳು. ವಿಚಾರಣಾಧಿಕಾರಿ ಪ್ರಶ್ನೆ ಓದುತ್ತಿದ್ದಾರೆ, ಹಿಡಿಯುವುದು, ತಿರುಗಿಸುವುದು, ಎತ್ತುವುದು ಅಪರೂಪಕ್ಕೆ ಮಾತ್ರ ಸಾಧ್ಯವಿರುವ ವ್ಯಕ್ತಿಗೆ, ಕೂತು ಮಾಡುವ ಕೆಲಸ, ಈ ಪ್ರಾಂತ್ಯದಲ್ಲಿ ಎಷ್ಟು — ಉತ್ತರ ಅವಳ ವರದಿಯಲ್ಲಿದೆ, ನೂರ ನಲವತ್ತು, ಬಾಯಿಬಿಟ್ಟು ಅಷ್ಟು ಅಂದರೆ ಮುಗಿಯಿತು, ಅರ್ಜಿದಾರಳಿಗೆ ಅಂಗವೈಕಲ್ಯದ ಪಿಂಚಣಿ ಇಲ್ಲ, ಒಂದೂ ಇಲ್ಲ ಅಂದರೆ ಉಂಟು, ನಡುವೆ ಬೇರೇನೂ ಇಲ್ಲ.

ಆಕೆ ಇಪ್ಪತ್ತೆರಡು ವರ್ಷ ಪುಸ್ತಕದ ಹಾಳೆಗಳನ್ನು ಸೂಜಿ ದಾರದಲ್ಲಿ ಹೊಲಿದು ಬೈಂಡ್ ಮಾಡಿದವಳು, ಈಗ ಬೆರಳುಗಳು ಒಳಕ್ಕೆ ಮಡಚಿಕೊಂಡಿವೆ, ಮಡಿಲಲ್ಲಿ ಎರಡು ಹಕ್ಕಿಗಳು ಮಲಗಿದ ಹಾಗೆ, ಕೂತು ಗೇಟಿನ ಬಟನ್ ಒತ್ತೋ ಕೆಲಸ ಆಗುತ್ತಾ ಅಂತ ಅಧಿಕಾರಿ ಆಗಲೇ ಕೇಳಿದ್ದರು, ಆಗುತ್ತೆ ಸಾರ್, ಸುಳ್ಳು ಯಾಕೆ ಹೇಳ್ಲಿ, ಮೊಣಕೈಯಲ್ಲಾದ್ರೂ ಒತ್ತೇನು, ಎಂದುಬಿಟ್ಟಳಲ್ಲ, ತನ್ನ ಕಾಲಿನ ಮೇಲೆ ತಾನೇ ಕಲ್ಲು ಹಾಕಿಕೊಂಡ ಹಾಗೆ, ಮನೇಲಿ ಹೇಗಮ್ಮ, ನಾದಿನಿ ಇದಾಳೆ ಸಾರ್, ಜಡೆ ಹಾಕ್ತಾಳೆ, ಬಾಯಿ ಜೋರು, ಕೈ ಮೆದು — ಅಧಿಕಾರಿಯ ತುಟಿಯಲ್ಲೂ ನಗು ಸುಳಿದು ಹೋಯಿತು, ಎಷ್ಟು ಬಿಗಿಯಾಗಿ, ಎಷ್ಟು ನೇರವಾಗಿ ಹೆಣೆದ ಜಡೆ, ತನ್ನ ಅಪ್ಪನ ಅಂಗಿಯ ಗುಂಡಿಗಳ ಸಾಲಿನ ಹಾಗೆ ಎಂದು ಕೈ ನೋಡೋಳಿಗೆ ಅನ್ನಿಸಿತು, ಅಪ್ಪನ ಕೈ ನಡುಗಲು ಶುರುವಾದ ಮೇಲೆ ಅಮ್ಮ ಇಸ್ತ್ರಿ ಸರಿಮಾಡುವ ನೆಪದಲ್ಲಿ ಗುಂಡಿಗಳನ್ನೆಲ್ಲ ಹಾಕಿ, ತೀರ ಕೆಳಗಿನದೊಂದನ್ನು ಬಿಡುತ್ತಿದ್ದಳು, ಅದರ ತೂತನ್ನು ಮೊದಲೇ ಕತ್ತರಿಯಿಂದ ಒಂದಿಷ್ಟು ದೊಡ್ಡದು ಮಾಡಿಟ್ಟಿದ್ದಳು, ಅಪ್ಪ ಅದೊಂದನ್ನು ಹಾಕಿ, ನೋಡೇ, ನನ್ನ ಅಂಗಿ ನಾನೇ ಹಾಕ್ಕೊಂಡೆ ಎಂದು ಎದೆಯುಬ್ಬಿಸಿದರೆ ಅಮ್ಮ, ಹೌದಪ್ಪ, ಊರಿಗೆಲ್ಲ ಡಂಗುರ ಸಾರಿ ಬನ್ನಿ — ಅಪ್ಪ ನಿಜಕ್ಕೂ ನಂಬಿದ್ದ, ಕೈ ನೋಡುವ ಈ ಮಗಳೂ ನಂಬಿದ್ದಳು, ಅಮ್ಮ ಹೋದ ಮರುವಾರ ಅಪ್ಪ ಅಂಗಿ ತೆರೆದುಕೊಂಡೇ ಬಾಗಿಲಲ್ಲಿ ನಿಂತಿದ್ದನ್ನು ಕಾಣುವವರೆಗೆ.

ನೂರ ನಲವತ್ತು. ಎಲ್ಲಿಂದ ಬಂತು ಅದು, ಕಾರು ನಿಲ್ಲಿಸುವ ಕಟ್ಟಡದ ಗೇಟಿನಿಂದ, ಹೋದ ತಿಂಗಳು ಒಂದು ದಿನ ಬೆಳಗ್ಗೆಯಿಡೀ ಅಲ್ಲಿ ಸ್ಟೂಲಿನ ಮೇಲೆ ಕೂತಿದ್ದಳು, ಗಾಜಿನ ಗೂಡಿನೊಳಗೆ ಬಲಗೈ ಸೆಟೆದ ಕಾವಲುಗಾರ, ಬಟನ್ ದೊರೆ ಎಂದು ಎಲ್ಲರೂ ರೇಗಿಸುವವನು, ಕಾರು ಬಂದಾಗ ಗೆಣ್ಣಿನಿಂದ ಒತ್ತುತ್ತಾನೆ, ದಾರಿಗಡ್ಡದ ಕಂಬ ಮೇಲೇಳುತ್ತದೆ, ಗಂಟೆಗೆ ನಲವತ್ತೊಂದು ಸಲ, ಹಿಡಿಯುವುದಿಲ್ಲ, ತಿರುಗಿಸುವುದಿಲ್ಲ, ಎತ್ತುವುದಿಲ್ಲ, ಅವಳು ಹೊರಗಿನ ಬಿಸಿಲಿನಷ್ಟೇ ಖಚಿತವಾಗಿ ಗೀಟೆಳೆದಳು, ಪ್ರಾಂತ್ಯದಲ್ಲೆಲ್ಲ ಇಂಥ ಗೇಟುಗಳು ನೂರ ನಲವತ್ತು — ಆದರೆ ಕಸ ಗುಡಿಸುವಾಕೆ ಬಂದಿದ್ದಳಲ್ಲ, ಎರಡು ಸಲ, ಪೊರಕೆಯನ್ನು ಗೂಡಿಗೆ ಒರಗಿಸಿ, ಮಾತಾಡುತ್ತಲೇ ಚೀಟಿ ಯಂತ್ರಕ್ಕೆ ಹೊಸ ಸುರುಳಿ ತೂರಿಸಿ, ಚಿಲ್ಲರೆ ಪೊಟ್ಟಣ ಹರಿದು ಡ್ರಾಯರಿಗೆ ಸುರಿದು, ಅವನ ನೀರಿನ ಬಾಟಲಿಯ ಮುಚ್ಚಳ ಬಿಚ್ಚಿ ಹಾಗೇ ಮೇಲಿಟ್ಟು, ಅದೇನು ಕೆಲಸಾನಾ ಮೇಡಂ, ಹೋಗ್ತಾ ಒಂದು ಸುತ್ತು ತಿರುಗಿಸಿದ್ರೆ ಆಯ್ತು ಎಂದು ನಕ್ಕಿದ್ದಳು, ಎಷ್ಟು ಒಳ್ಳೆಯವಳು ಎಂದು ಕೈ ನೋಡೋಳೂ ನಕ್ಕಳು, ಬರೆದುಕೊಳ್ಳಲಿಲ್ಲ, ಫಾರಂನಲ್ಲಿ ಜಾಗವಿರುವುದು ಕೆಲಸಗಾರನ ಕೈಗೆ ಮಾತ್ರ, ಪಕ್ಕದವರ ಕೈಗೆ ಅಂಕಣವೇ ಇಲ್ಲ.

ಈಗ ಕಣ್ಣ ಮುಂದೆ ನೂರ ನಲವತ್ತು ಗಾಜಿನ ಗೂಡುಗಳು, ಮಂಜಿನಲ್ಲಿ ತೇಲುವ ದೀಪಗಳ ಹಾಗೆ, ಒಂದೊಂದರಲ್ಲೂ ಆಕೆಯೇ ಕೂತಿದ್ದಾಳೆ ನೇರ ಜಡೆಯೊಂದಿಗೆ, ಕಾರುಗಳು ನಿಂತಿವೆ, ಯಂತ್ರದ ಸುರುಳಿ ಮುಗಿದಿದೆ, ಪೊರಕೆ ಒರಗಿಸುವವರು ಎಲ್ಲೂ ಇಲ್ಲ, ಗುಮಾಸ್ತನೂ ಇಲ್ಲ, ನಾದಿನಿಯೂ ಇಲ್ಲ, ಅಮ್ಮನೂ ಇಲ್ಲ, ಬಾಟಲಿಗಳ ಬಾಯೆಲ್ಲ ಬಿಗಿ — ಮೇಡಂ, ಅಧಿಕಾರಿ ಎರಡನೇ ಸಲ ಕರೆದರೇನೋ, ಮೇಡಂ, ಸಂಖ್ಯೆ ಹೇಳಿ, ಅವಳ ದನಿ ದೂರದ ಕೋಣೆಯಿಂದ ಬಂದ ಹಾಗೆ ಬಂತು, ಸರ್, ವರದಿಯಲ್ಲಿ ನೂರ ನಲವತ್ತು ಅಂತಿದೆ, ಅದು ತಪ್ಪು, ನಾನು ಒಬ್ಬರ ಕೈ ಎಣಿಸಿದೆ, ಅಲ್ಲಿ ಕೆಲಸ ನಡೀತಿದ್ದದ್ದು ಇಬ್ಬರ ಕೈಯಿಂದ, ಹಾಗಾದ್ರೆ ಎಷ್ಟು, ಪಕ್ಕದಲ್ಲಿ ಯಾರೂ ಇಲ್ಲದೆ ಆದ್ರೆ, ಒಂದೂ ಇಲ್ಲ ಸರ್, ಪೆನ್ನು ಕರಕರ ಎಂದು ಓಡಿತು, ಇಪ್ಪತ್ತಾರು ವರ್ಷದ ಗೀಟುಗಳು, ಎಷ್ಟು ಮಂದಿ, ಎಷ್ಟು ಕೋಣೆ, ಅವರ ಪಕ್ಕದಲ್ಲಿ ಯಾರಿದ್ದರೋ — ಎದುರಿಗೆ ಆಕೆ ಮಡಚಿದ ಬೆರಳ ಹಿಂಬದಿಯಿಂದ ಮುಚ್ಚಳವನ್ನು ಮೆಲ್ಲಗೆ ತಳ್ಳಿದಳು, ಅದು ಮೇಜಿಗೆ ಉರುಳಿತು, ಆಕೆ ಬಾಟಲಿಯನ್ನು ಎರಡು ಮಣಿಕಟ್ಟುಗಳ ನಡುವೆ ಎತ್ತಿ ಕುಡಿಯುತ್ತಿದ್ದಾಳೆ, ಬೆಳಕಿನ ಮೀನು ಮಾಯವಾಗಿದೆ, ಮೇಜಿನ ಮೇಲೆ ಇನ್ನೂ ತಿರುಗುತ್ತಿದೆ, ನಿಲ್ಲಲು ನೋಡುತ್ತಿದೆ, ನೀಲಿ ಮುಚ್ಚಳ, ನೀಲಿ ಮುಚ್ಚಳ